ಸಾಹೇಬನ ಟ್ರೈನಿಂಗ್

ಪಾರಿವಾಳ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಶಾಂತಿಯ ಹಕ್ಕಿ ಎಂದು ಅದನ್ನು ಹೊಗಳುವವರು ಯಾರೂ ಲಿಫ್ಟ್ ರಿಪೇರಿ ಮಾಡಿದವರಲ್ಲ. ಕಟ್ಟಡದ ನೆತ್ತಿಯಲ್ಲಿ ಲಿಫ್ಟಿನ ಮೋಟಾರಿಗೆಂದೇ ಒಂದು ಕೋಣೆ ಇರುತ್ತದೆ. ಅದರ ಕಿಟಕಿಯ ಜಾಲರಿ ಒಂದಿಷ್ಟು ಹರಿದಿದ್ದರೆ ಸಾಕು, ಪಾರಿವಾಳಗಳು ನುಗ್ಗಿ ಸಂಸಾರ ಹೂಡಿಬಿಡುತ್ತವೆ. ಮೋಟಾರಿನ ಸಂದಿಯಲ್ಲಿ ಕಡ್ಡಿ, ಸ್ವಿಚ್ ಪ್ಯಾನೆಲ್ ಮೇಲೆ ಹಿಕ್ಕೆ, ಬ್ರೇಕಿನ ಪಕ್ಕದಲ್ಲಿ ಮೊಟ್ಟೆ. ಲಿಫ್ಟ್ ನಡುವೆ ನಿಂತುಹೋದಾಗ ಒಳಗೆ ಸಿಕ್ಕಿಹಾಕಿಕೊಂಡವರು ಬೈಯುವುದು ಮೆಕ್ಯಾನಿಕ್ಕನ್ನು, ಪಾರಿವಾಳವನ್ನಲ್ಲ.

ಹಾಗಾಗಿ ಮಗಳಿಗೆ ಸಾಕಲು ಏನಾದರೊಂದು ಪ್ರಾಣಿ ಬೇಕು ಎಂದು ನನ್ನ ಹೆಂಡತಿ ರಾಗ ಎಳೆದಾಗ ನಾನು ಕಡ್ಡಿ ಮುರಿದಂತೆ ಬೇಡ ಎಂದೆ. ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಹೊಲಿಗೆ ಯಂತ್ರ ತುಳಿಯುತ್ತಲೇ ವಾದ ಮಾಡುವುದರಲ್ಲಿ ಎತ್ತಿದ ಕೈ. ನಮ್ಮದು ಒಂದೇ ಮಗು, ಯಾರನ್ನೂ ನೋಡಿಕೊಂಡು ಗೊತ್ತಿಲ್ಲ, ತನಗಿಂತ ಚಿಕ್ಕದೊಂದು ಜೀವ ತನ್ನನ್ನೇ ನಂಬಿದೆ ಎಂದರೆ ಜವಾಬ್ದಾರಿ ತಾನಾಗಿ ಬರುತ್ತದೆ ಎಂಬುದು ಅವಳ ವಾದ. ಮಕ್ಕಳ ಉತ್ಸಾಹ ಒಂದು ವಾರ, ಆಮೇಲೆ ಹಿಕ್ಕೆ ಬಳಿಯುವುದು ಅಪ್ಪನ ಪಾಲಿಗೆ ಎಂಬುದು ನನ್ನದು. ಹೊರಗೆ ಮಾಡುವ ಕೆಲಸವನ್ನೇ ಮನೆಗೆ ಬಂದೂ ಮಾಡಲು ನಾನು ಸಿದ್ಧನಿರಲಿಲ್ಲ. ಅಲ್ಲದೆ ಪ್ರಾಣಿ ಎಂದ ಮೇಲೆ ಒಂದು ದಿನ ಸಾಯುತ್ತದೆ, ಇಲ್ಲವೇ ಓಡಿಹೋಗುತ್ತದೆ. ಅತ್ತತ್ತು ಊಟ ಬಿಟ್ಟ ಮಗುವನ್ನು ಯಾರು ಸಮಾಧಾನ ಮಾಡುವುದು? ಅದು ನನಗೆ ಬರುವ ವಿದ್ಯೆಯಲ್ಲ.

ಮಗಳನ್ನು ನಾನು ಕರೆಯುವುದು ಬಟನ್ ಎಂದು. ನಡೆಯಲು ಕಲಿಯುವ ಮೊದಲೇ ಕಂಡ ಕಂಡ ಬಟನ್ ಒತ್ತುತ್ತಿದ್ದಳು, ಅಪ್ಪನ ಕಸುಬು ರಕ್ತದಲ್ಲೇ ಬಂದಂತೆ. ಈಗ ನಾಲ್ಕನೇ ಕ್ಲಾಸು. ನಾವಿರುವುದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ, ಅದಕ್ಕೆ ಲಿಫ್ಟ್ ಇಲ್ಲ. ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ನೋಡಿ ನಗದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ನಮ್ಮ ಜಗಳಕ್ಕೆ ತೆರೆ ಎಳೆದವನು ನನ್ನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಮಾರ್ಕೆಟ್ಟಿನ ಹಿಂಭಾಗದಲ್ಲಿ ಅವನದೊಂದು ಸಣ್ಣ ಅಂಗಡಿ. ಬಣ್ಣದ ಮೀನು, ಲವ್ ಬರ್ಡ್ಸ್, ಮೊಲ ಮಾರುತ್ತಾನೆ. ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ಅವನು ‘ಭಾವ’ ಎಂದು ನಯವಾಗಿ ಕರೆದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು ಎಂದು ನಾನು ಅವನೆದುರಿಗೇ ತಮಾಷೆ ಮಾಡುತ್ತಿದ್ದೆ, ಅವನೂ ನಗುತ್ತಿದ್ದ. ಆದರೆ ಬೆರಳು ಲಿಫ್ಟಿನ ಬ್ರೇಕಿಗೆ ಸಿಕ್ಕಿ ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಅಂಗಡಿ ಮುಚ್ಚಿ ಬಂದು ನನಗೆ ತುತ್ತು ತಿನ್ನಿಸಿದವನು ಅವನೇ. ಹಾಗಾಗಿ ತಮಾಷೆಯ ಅಡಿಯಲ್ಲಿ ನನಗೆ ಅವನ ಮೇಲೆ ಪ್ರೀತಿ ಇತ್ತು, ನಂಬಿಕೆಯೂ ಇತ್ತು.

ಒಂದು ದಿನ ನಾನು ಕೆಲಸದಿಂದ ಬರುವ ಹೊತ್ತಿಗೆ ನಡುಮನೆಯಲ್ಲಿ ಒಂದು ಚಪ್ಪಲಿ ಡಬ್ಬಿ, ಅದರ ಸುತ್ತ ಮೂವರು. ಡಬ್ಬಿಯೊಳಗೆ ಪಾರಿವಾಳದ ಮರಿ. ಅಷ್ಟು ವಿಕಾರವಾದ ಮರಿಯನ್ನು ನಾನು ಕಂಡಿರಲಿಲ್ಲ. ಮೈಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಕೂದಲು, ಮುಖಕ್ಕೆ ಹೊಂದದ ಕೊಕ್ಕು. ಇದರ ತಾಯಿಯನ್ನು ಬೆಕ್ಕು ಹಿಡಿಯಿತು ಎಂದು ಭಾವಮೈದ ಹೇಳಿದ. ನೆನೆಸಿದ ಬಟಾಣಿಯನ್ನು ಕೊಕ್ಕಿನೊಳಗೆ ಮೆಲ್ಲಗೆ ತಳ್ಳುವುದು ಹೇಗೆಂದು ಬಟನ್‌ಗೆ ತೋರಿಸಿಕೊಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಅವಳಿಗೆ ಹೇಳುತ್ತಿದ್ದ: “ನೀನೇ ತಿನ್ನಿಸ್ಬೇಕು ಕಣೇ, ಬೇರೆ ಯಾರೂ ಮುಟ್ಬಾರ್ದು. ಆಗ ನೋಡು, ಅದು ನಿನ್ನನ್ನ ಬಿಟ್ಟು ಎಲ್ಲೂ ಹೋಗಲ್ಲ. ಎಲ್ಲಿಗೆ ಹೋದ್ರೂ ನಿನ್ನ ಹತ್ರಾನೇ ಬರುತ್ತೆ.”

ಮಗಳ ಮುಖ ನೋಡಿದ ಮೇಲೆ ಬೇಡ ಎನ್ನುವ ಧೈರ್ಯ ಯಾವ ಅಪ್ಪನಿಗಿದೆ? ಒಂದು ವಾರ ನೋಡೋಣ ಎಂದೆ.

ವಾರ ಕಳೆಯಿತು, ತಿಂಗಳೂ ಕಳೆಯಿತು. ನನ್ನ ಲೆಕ್ಕ ತಲೆಕೆಳಗಾಯಿತು. ಎಬ್ಬಿಸಿದರೂ ಏಳದ ಹುಡುಗಿ ತಾನೇ ಎದ್ದು ಬಟಾಣಿ ನೆನೆದಿದೆಯೋ ಇಲ್ಲವೋ ಎಂದು ಹಿಸುಕಿ ನೋಡುತ್ತಿದ್ದಳು. ಶಾಲೆಯಿಂದ ಬಂದವಳು ಬ್ಯಾಗ್ ಬಿಸಾಕಿ ಮೊದಲು ಹಿಕ್ಕೆ ಬಳಿಯುತ್ತಿದ್ದಳು, ಆಮೇಲೆ ಕೈ ತೊಳೆದು ಊಟ. ಮರಿಗೆ ರೆಕ್ಕೆ ಬಂದು ಅಚ್ಚ ಬಿಳಿ ಹಕ್ಕಿಯಾಯಿತು. ಕುತ್ತಿಗೆಯಲ್ಲಿ ಮಾತ್ರ ಟೀ ಚೆಲ್ಲಿದಂಥ ಒಂದು ಕಂದು ಕಲೆ. ಬಲಗಾಲಿನ ಒಂದು ಬೆರಳಿಗೆ ಉಗುರಿರಲಿಲ್ಲ. ಎದೆ ಮುಂದೆ ಮಾಡಿ, ಕತ್ತು ಕೊಂಕಿಸುತ್ತ, ಟೆರೇಸಿನ ಮೇಲೆ ಅತ್ತಿತ್ತ ಓಡಾಡುವುದನ್ನು ನೋಡಿ, ಇದು ಥೇಟ್ ನಮ್ಮ ಕಂಪನಿಯ ದೊಡ್ಡ ಸಾಹೇಬರ ನಡಿಗೆ ಎಂದೆ. ಅವತ್ತಿನಿಂದ ಅದರ ಹೆಸರು ಸಾಹೇಬ. ಲಿಫ್ಟಿನ ಸಾಮಾನು ಬಂದಿದ್ದ ಮರದ ಪೆಟ್ಟಿಗೆಯನ್ನು ಬಿಚ್ಚಿ, ನೀರಿನ ಟ್ಯಾಂಕಿನ ಪಕ್ಕ ಅದಕ್ಕೊಂದು ಗೂಡು ಮಾಡಿಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ. ಕೆಲಸದ ಜಾಗದಲ್ಲಿ ಪಾರಿವಾಳಗಳನ್ನು ಅಟ್ಟುತ್ತ, ಟೀ ಕುಡಿಯುವಾಗ ಮನೆಯ ಪಾರಿವಾಳದ ಪುರಾಣ ಬಿಚ್ಚುತ್ತಿದ್ದ ನನ್ನನ್ನು ಜೊತೆಯವರು ಆಡಿಕೊಂಡು ನಕ್ಕರು.

ಆಗ ಭಾವಮೈದ ಟ್ರೈನಿಂಗ್ ಮಾತೆತ್ತಿದ. ಇದು ಮನೆಗೆ ಮರಳುವ ಜಾತಿಯ ಹಕ್ಕಿ, ದೂರ ಒಯ್ದು ಬಿಟ್ಟು ಬಿಟ್ಟು ಅಭ್ಯಾಸ ಮಾಡಿಸಬೇಕು, ಆಮೇಲೆ ಪಂದ್ಯಕ್ಕೆ ಬಿಡಬಹುದು ಎಂದ. ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಒಯ್ದ. ಅವತ್ತು ಬಟನ್ ಟೆರೇಸ್ ಬಿಟ್ಟು ಇಳಿಯಲಿಲ್ಲ. ಸಾಹೇಬ ಬಂದು ಗೂಡಿನ ಮೇಲೆ ಕೂತಾಗ ಅವಳು ಮೆಟ್ಟಿಲು ಹಾರಿಕೊಂಡು ಬಂದು ನನ್ನ ಕೈ ಹಿಡಿದು ಎಳೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ದೊಡ್ಡ ಊರಿನಲ್ಲಿ, ಅಷ್ಟೊಂದು ಟೆರೇಸುಗಳ ನಡುವೆ, ಅದು ತನ್ನನ್ನು ಹುಡುಕಿಕೊಂಡು ಬಂದಿದೆ ಎಂಬುದನ್ನು ಅವಳಿಗೆ ನಂಬಲೇ ಆಗುತ್ತಿರಲಿಲ್ಲ.

ಮೊದಮೊದಲು ಹಕ್ಕಿ ಅದೇ ದಿನ ಬರುತ್ತಿತ್ತು. ಬರಬರುತ್ತ ಟ್ರೈನಿಂಗ್ ಉದ್ದವಾಯಿತು. ಎರಡು ದಿನ, ಮೂರು ದಿನ, ಕೆಲವೊಮ್ಮೆ ವಾರ. ಆ ದಿನಗಳಲ್ಲಿ ಬಟನ್‌ಗೆ ಅನ್ನ ಸೇರುತ್ತಿರಲಿಲ್ಲ. ದೂರ ಹೆಚ್ಚಾದಷ್ಟೂ ಹೊತ್ತು ಹಿಡಿಯುತ್ತದೆ ಎಂದು ಭಾವಮೈದ ಅಂದ, ನಾನು ತಲೆಯಾಡಿಸಿದೆ. ನನಗೇನು ಗೊತ್ತು ಹಕ್ಕಿಯ ವಿದ್ಯೆ? ಒಂದು ಸಲ ಸಾಹೇಬನ ಕಾಲಿಗೆ ಗುಲಾಬಿ ಬಣ್ಣದ ರಿಬ್ಬನ್ ಚೂರೊಂದು ಕಟ್ಟಿತ್ತು, ಹೂವಿನಂತೆ ಗಂಟು ಹಾಕಿದ್ದು. ಇದು ಯಾರು ಕಟ್ಟಿದ್ದು ಎಂದು ಬಟನ್ ಕೇಳಿದಳು. ಗುರುತಿಗೆ ಮಾಮ ಕಟ್ಟಿರಬೇಕು ಎಂದು ಅವಳಮ್ಮ ಅದನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು. ಭಾವಮೈದನಂಥವನು ಹೂವಿನ ಗಂಟು ಹಾಕುತ್ತಾನೆಯೇ ಎಂದು ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಮಧ್ಯಾಹ್ನ, ಬೇರೊಂದು ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ. ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ಬಾಗಿಲು ಹಾಕಿಕೊಳ್ಳದೆ ನಿಂತಿತ್ತು. ನಾನು ಬಾಗಿಲು ಸರಿಯುವ ಜಾಡಿನಿಂದ ಮಣ್ಣು ಕೆದಕುತ್ತಿದ್ದಾಗ ಎದುರು ಮನೆಯ ಹುಡುಗಿಯೊಬ್ಬಳು ಬಂದು ನಿಂತಳು. ದಪ್ಪ ಕನ್ನಡಕ, ನಮ್ಮ ಬಟನ್‌ಗಿಂತ ಚಿಕ್ಕವಳು. ನೀವು ಟೆರೇಸಿಗೂ ಹೋಗುತ್ತೀರಾ ಎಂದು ಕೇಳಿದಳು. ಹೋಗುತ್ತೇನೆ ಎಂದೆ. ಅಲ್ಲಿ ಬಿಳಿ ಪಾರಿವಾಳ ಕಂಡರೆ ಹೇಳುತ್ತೀರಾ ಎಂದಳು. ಅಲ್ಲಿ ಪಾರಿವಾಳಗಳ ಸಂತೆಯೇ ಇದೆ, ನಿನಗೆ ಯಾವುದು ಬೇಕಮ್ಮ ಎಂದು ನಾನು ನಗೆಯಾಡಿದೆ. ಅವಳು ನಗಲಿಲ್ಲ. ಕುತ್ತಿಗೆಯಲ್ಲಿ ಕಂದು ಕಲೆ ಇದೆ, ಬಲಗಾಲಿನ ಒಂದು ಬೆರಳಿಗೆ ಉಗುರಿಲ್ಲ, ನಡೆಯುವಾಗ ದೊಡ್ಡ ಮನುಷ್ಯರ ಹಾಗೆ ನಡೆಯುತ್ತದೆ ಎಂದು ಒಂದೊಂದಾಗಿ ಹೇಳಿದಳು.

ನನ್ನ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು.

“ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ. ಅದಕ್ಕೇ ಬಿಟ್ಟು ಹೋಯ್ತು” ಎಂದಳು ಹುಡುಗಿ.

“ಯಾರು ಹೇಳಿದ್ದು ಹಾಗಂತ?”

“ಅಂಗಡಿ ಅಂಕಲ್.”

ಅಷ್ಟರಲ್ಲಿ ಅವಳ ತಾತ ಹೊರಗೆ ಬಂದರು. ಉಳಿದ ಕತೆಯನ್ನು ಅವರೇ ಹೇಳಿದರು. ಮಾರ್ಕೆಟ್ಟಿನ ಹಿಂದಿನ ಅಂಗಡಿಯಿಂದ ಮೊಮ್ಮಗಳಿಗೆಂದು ಕೊಂಡ ಹಕ್ಕಿ. ಎರಡು ದಿನ ಒಳಗಿಟ್ಟು ಆಮೇಲೆ ಕಿಟಕಿ ತೆರೆದಿಡಿ, ಕೂಡಿ ಹಾಕಿದರೆ ಮಗುವಿಗೆ ಹೊಂದಿಕೊಳ್ಳುವುದಿಲ್ಲ ಎಂದು ಅಂಗಡಿಯವನೇ ಹೇಳಿದ್ದ. ಕಿಟಕಿ ತೆರೆದರು, ಹಕ್ಕಿ ಹೋಯಿತು. ಮತ್ತೆ ಅಂಗಡಿಗೆ ಹೋಗಿ ಕೇಳಿದರೆ, ಪ್ರೀತಿ ಸಿಕ್ಕ ಕಡೆಯಿಂದ ಹಕ್ಕಿ ಹೋಗುವುದಿಲ್ಲ, ನಿಮ್ಮ ಮಗು ಸರಿಯಾಗಿ ನೋಡಿಕೊಂಡಿಲ್ಲ ಎಂದನಂತೆ, ಅವಳೆದುರಿಗೇ. ಅವತ್ತಿನಿಂದ ಪಕ್ಕದ ಮನೆಯ ಕೂಸನ್ನು ಎತ್ತಿಕೋ ಎಂದರೂ ಎತ್ತಿಕೊಳ್ಳುವುದಿಲ್ಲ, ನನ್ನ ಕೈಯಲ್ಲಿ ಬೇಡ ಎನ್ನುತ್ತಾಳೆ ಎಂದು ಹೇಳಿ ಅವರು ಅವಳ ತಲೆ ನೇವರಿಸಿದರು. ಬಾಗಿಲ ಆಚೆ ಕಿಟಕಿ ಇನ್ನೂ ತೆರೆದೇ ಇತ್ತು. ಕೆಳಗೊಂದು ಬಟ್ಟಲಲ್ಲಿ ಕಾಳು.

ಆ ಹಕ್ಕಿ ನಮ್ಮ ಮನೆಯಲ್ಲೇ ಇದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಕಂಡರೆ ಹೇಳುತ್ತೇನೆ ಎಂದೆ. ಬಾಗಿಲು ಸರಿಮಾಡಿ, ತಾತ ಕೊಟ್ಟ ನೀರು ಕುಡಿದು, ಕಳ್ಳನಂತೆ ಮೆಟ್ಟಿಲಿಳಿದು ಬಂದೆ.

ಸಂಜೆ ಮನೆಗೆ ಬಂದರೆ ಬಟನ್ ನಡುಮನೆಯಲ್ಲಿ ಬುಟ್ಟಿಗೆ ಹಳೆಯ ಟವೆಲ್ ಹಾಸುತ್ತಿದ್ದಳು. ನಾಳೆ ಬೆಳಿಗ್ಗೆ ಮಾಮ ಬರುತ್ತಾನೆ, ಸಾಹೇಬನಿಗೆ ಈ ಸಲ ದೊಡ್ಡ ಟ್ರೈನಿಂಗ್ ಎಂದಳು. ಟವೆಲ್ ಮೆತ್ತಗಿದೆಯೋ ಇಲ್ಲವೋ ಎಂದು ನನ್ನ ಕೈಯನ್ನೇ ಹಿಡಿದು ಅದರ ಮೇಲಿಟ್ಟಳು. ಮೆತ್ತಗಿದೆ ಎಂದೆ. ಅವಳು ಕಾಳು ಹಾಕಲು ಟೆರೇಸಿಗೆ ಹೋದ ಮೇಲೆ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಗೆ ನಾನು ನೋಡಿದ್ದನ್ನು ಹೇಳಿದೆ. ಅವಳು ನನ್ನಷ್ಟೇ ಕೆಂಡವಾಗುತ್ತಾಳೆ, ಈಗಲೇ ತಮ್ಮನಿಗೆ ಫೋನ್ ಮಾಡಿ ಜನ್ಮ ಜಾಲಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸುತ್ತಲೇ ಇದ್ದಳು.

“ನಿಂಗೆ ಗೊತ್ತಿತ್ತಾ?” ಎಂದೆ.

“ಗೊತ್ತಿತ್ತು.”

ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದವಳು, ನನ್ನ ಕೆಮ್ಮಿನಿಂದಲೇ ನನ್ನ ಮನಸ್ಸು ಹೇಳುವವಳು, ನನ್ನ ಕಿವಿಯ ಮೇಲೆ ಇಷ್ಟು ದೊಡ್ಡ ಹೂವಿಟ್ಟು ದಿನವೂ ನನ್ನ ಮುಂದೆ ಓಡಾಡಿಕೊಂಡಿದ್ದಳು. ಹಕ್ಕಿ ಬರುವುದು ತಡವಾದಾಗ ಮಗಳ ಜೊತೆ ಇವಳೂ ಟೆರೇಸಿಗೆ ಹೋಗಿ ಆಕಾಶ ನೋಡುತ್ತಿದ್ದದ್ದು ನೆನಪಾಗಿ ನನ್ನ ಮೈ ಉರಿಯಿತು.

ತಮ್ಮನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತಂತೆ. ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ಮಾರುವ ಉಪಾಯ ಅವನಿಗೆ ಹೊಳೆದದ್ದು ಆಗಲೇ. ಹಕ್ಕಿ ಅವನ ಅಂಗಡಿಗೇ ಮರಳಿದರೆ ಗಿರಾಕಿಗಳ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಬೇರೊಂದು ಮನೆ ಬೇಕಿತ್ತು. ಮಗುವಿನ ಕೈತುತ್ತು ತಿಂದು ಬೆಳೆದ ಹಕ್ಕಿ ಎಲ್ಲಿಗೆ ಮಾರಿದರೂ ತಪ್ಪದೆ ಮರಳುತ್ತದೆ ಎಂದು ಅವನು ಮೊದಲೇ ಅಂದಾಜು ಹಾಕಿದ್ದ. ತಾಯಿಯನ್ನು ಬೆಕ್ಕು ಹಿಡಿದದ್ದೂ ಸುಳ್ಳು, ಗೂಡಿನಿಂದ ತಾನೇ ಎತ್ತಿಕೊಂಡು ಬಂದಿದ್ದ. ಜವಾಬ್ದಾರಿ, ಒಂಟಿ ಮಗು, ತನ್ನನ್ನೇ ನಂಬಿದ ಜೀವ ಎಂದೆಲ್ಲ ಇವಳು ನನ್ನ ತಲೆ ತಿಂದದ್ದು ಅಕ್ಕ ತಮ್ಮನ ನಡುವೆ ಈ ಮಾತುಕತೆ ಆದ ಮೇಲೆಯೇ.

“ಬಟನ್‌ಗೆ ಹಕ್ಕಿ ಸಿಕ್ತು, ಅವನಿಗೆ ಅಂಗಡಿ ಉಳೀತು. ಹಕ್ಕಿಯಂತೂ ಬಂದೇ ಬರುತ್ತೆ. ಮನೆಯಲ್ಲಿ ಯಾರಿಗೇನು ಕಮ್ಮಿ ಆಯ್ತು ಹೇಳಿ” ಎಂದಳು. ಆ ಮಾತಿನಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಕನ್ನಡಕದ ಹುಡುಗಿ ಕೂಸನ್ನು ಎತ್ತಿಕೊಳ್ಳದ ವಿಷಯ ಇನ್ನೊಮ್ಮೆ ಹೇಳಿದೆ. ಮಗುವಿನ ಮುಖದ ಮೇಲೇ ಹಾಗೆ ಹೇಳುತ್ತಾನೆಂದು ತನಗೆ ಗೊತ್ತಿರಲಿಲ್ಲ ಎಂದಳು. ಆಮೇಲೆ, ಬಟನ್‌ಗೆ ಮಾತ್ರ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಕೇಳಿಸಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬೆಳಿಗ್ಗೆ ಅವನು ಬರಲಿ, ಅವನನ್ನು ಮೆಟ್ಟಿಲಲ್ಲೇ ತಡೆದು ಮಾತಾಡಿ ಕಳಿಸಿದರಾಯಿತು, ಮಗುವಿಗೆ ಟ್ರೈನಿಂಗ್ ರದ್ದಾಯಿತು ಎಂದು ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ. ಬಟನ್ ಊಟ ಮಾಡುತ್ತ ಸಾಹೇಬನ ಬಗ್ಗೆ ಹೇಳುತ್ತಲೇ ಇದ್ದಳು, ನಾನು ಹೂಂ ಹೂಂ ಎನ್ನುತ್ತಲೇ ಇದ್ದೆ.

ಬೆಳಿಗ್ಗೆ ನನ್ನ ಲೆಕ್ಕ ಮತ್ತೆ ತಪ್ಪಿತು. ನಾನು ಸ್ನಾನದ ಮನೆಯಲ್ಲಿದ್ದಾಗಲೇ ಭಾವಮೈದ ಬಂದುಬಿಟ್ಟಿದ್ದ. ಹೊರಗೆ ಬಂದರೆ ಅವನು ಕುರ್ಚಿಯಲ್ಲಿ ಕಾಲಾಡಿಸುತ್ತ ಟೀ ಕುಡಿಯುತ್ತಿದ್ದಾನೆ, ಬಟನ್ ಬುಟ್ಟಿಯ ಮುಚ್ಚಳ ಹಾಕುತ್ತಿದ್ದಾಳೆ, ಒಳಗಿನಿಂದ ಸಾಹೇಬನ ಗುಟುರು. ಏನು ಭಾವ, ಮುಖ ಯಾಕೆ ಹೀಗೆ ಗಂಟು, ಮೇಲಿನಿಂದ ಲಿಫ್ಟ್ ಬಿತ್ತಾ ಎಂದು ಅವನು ಹಲ್ಲು ಕಿರಿದ. ನಾನು ಬುಟ್ಟಿಯ ಮೇಲೆ ಕೈಯಿಟ್ಟೆ. ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಬೇಡ ಎಂದು ಕಣ್ಣಲ್ಲೇ ಬೇಡಿದಳು. ಅವಳನ್ನು ನೋಡಿಯೇ ನನ್ನ ತಾಳ್ಮೆ ಹರಿಯಿತೆಂದು ಕಾಣುತ್ತದೆ. ಬುಟ್ಟಿ ಇವತ್ತು ಯಾರ ಮನೆಗೆ ಹೋಗುತ್ತದೆ, ಯಾವ ಮಗುವಿಗೆ ಮಾರಿದ್ದೀಯ ಎಂದು ಕೇಳಿಯೇಬಿಟ್ಟೆ. ನಾಲ್ಕನೇ ಮಹಡಿ, ಕನ್ನಡಕದ ಹುಡುಗಿ, ತೆರೆದ ಕಿಟಕಿ ಎಲ್ಲವನ್ನೂ ಹೇಳಿದೆ.

ಅವನು ಮೊದಲು ನಕ್ಕ. ನಾನು ಯಾರ ಮನೆಗೂ ಕನ್ನ ಹಾಕಿಲ್ಲ, ಹಕ್ಕಿ ತಾನಾಗಿಯೇ ಬಂದರೆ ನಾನೇನು ಮಾಡಲಿ ಎಂದ. ಆಮೇಲೆ ಅಕ್ಕನ ಮುಖ ನೋಡಿದ, ಅವಳು ನೆಲ ನೋಡುತ್ತಿದ್ದಳು. ಟೀ ಲೋಟ ಕೆಳಗಿಟ್ಟ. ಬಟನ್ ಅವನನ್ನು ಕೇಳಿದಳು:

“ಟ್ರೈನಿಂಗ್ ಇರಲೇ ಇಲ್ವಾ ಮಾಮ?”

ಅವನು ಅವಳ ಗಲ್ಲ ಹಿಂಡಲು ಹೋದ. ಅವಳು ಹಿಂದೆ ಸರಿದಳು.

“ನಿನ್ನ ಹಕ್ಕಿ ನಿನ್ನ ಹತ್ರಾನೇ ಇದೆಯಲ್ಲೇ, ಮತ್ತೇನು ಬೇಕು ನಿಂಗೆ?” ಎಂದ. “ಅವರಿಗೆ ಏನೋ ಒಂದು ಹೇಳ್ಬೇಕಲ್ಲ, ಹೇಳ್ದೆ. ವ್ಯಾಪಾರ ಅಂದ್ಮೇಲೆ ಎಲ್ಲರೂ ಏನಾದ್ರೂ ಹೇಳ್ತಾರೆ.”

ಬಟನ್ ಅಮ್ಮನ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಂಡತಿ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳೇನೋ. ಹುಡುಗಿ ಸುಮ್ಮನೆ ಅವಳ ಮುಖವನ್ನೇ ನೋಡುತ್ತ ನಿಂತಳು, ಹೆಂಡತಿಯ ಕಣ್ಣು ತುಂಬಿತು. ಬಟನ್‌ಗೆ ಅಷ್ಟು ಸಾಕಾಯಿತು. ಬುಟ್ಟಿಯನ್ನು ನನ್ನ ಕೈಯಡಿಯಿಂದ ಎಳೆದುಕೊಂಡು ಟೆರೇಸಿಗೆ ಹೋದಳು.

ಭಾವಮೈದನಿಗೆ ನಾನು ಏನೇನು ಅಂದೆನೋ ನೆನಪಿಲ್ಲ. ಆಸ್ಪತ್ರೆಯಲ್ಲಿ ತಿನ್ನಿಸಿದ ತುತ್ತನ್ನು ಅವನು ಎತ್ತಿ ಆಡಿದ, ಅದಕ್ಕೆ ನಾನು ಆ ತುತ್ತಿಗೂ ಬಡ್ಡಿ ವಸೂಲಾಯಿತು ಎಂದದ್ದು ಮಾತ್ರ ನೆನಪಿದೆ. ಅವನು ಸ್ಕೂಟರ್ ಹತ್ತಿ ಹೋದ. ಹೆಂಡತಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಮೇಲೆ ಹೋದೆ.

ಬಟನ್ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದಳು. ಮಡಿಲಲ್ಲಿ ಸಾಹೇಬ, ಕೈಯಲ್ಲಿ ಅಮ್ಮನ ಹೊಲಿಗೆಯ ಕತ್ತರಿ. ನೆಲದ ತುಂಬ ಬಿಳಿ ಗರಿ. ಒಂದು ರೆಕ್ಕೆಯ ಉದ್ದನೆಯ ಗರಿಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಿದ್ದಳು, ಇನ್ನೊಂದು ರೆಕ್ಕೆಯನ್ನು ಅಗಲಿಸಿ ಹಿಡಿಯುತ್ತಿದ್ದಳು. ಹಕ್ಕಿ ಅವಳ ಕೈಯಲ್ಲಿ ಒಂದಿಷ್ಟೂ ಮಿಸುಕಾಡಲಿಲ್ಲ. ಅವಳು ಏನು ಮಾಡಿದರೂ ಸುಮ್ಮನಿರುವುದೇ ಅದಕ್ಕೆ ಅಭ್ಯಾಸ.

ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಹಾರಲು ಬಾರದ ಹಕ್ಕಿ ಮಾರಿದ ಮನೆಯಿಂದ ಮರಳುವುದಿಲ್ಲ, ಮರಳದ ಹಕ್ಕಿಯನ್ನು ಮಾಮ ಒಯ್ಯುವುದಿಲ್ಲ ಎಂದಳು. ಅವಳ ಮಾತು ಲೆಕ್ಕದಷ್ಟೇ ಸರಿಯಾಗಿತ್ತು.

“ಗರಿ ಮತ್ತೆ ಬೆಳೆಯುತ್ತೆ ಬಿಡು ಮಗಳೇ” ಎಂದೆ.

“ಬೆಳೆದ್ರೆ ಮತ್ತೆ ಕತ್ತರಿಸ್ತೀನಿ.”

ನಾನು ಪಕ್ಕದಲ್ಲಿ ಕೂತೆ. ಅವಳು ಕತ್ತರಿ ನಿಲ್ಲಿಸಿ, ನನ್ನತ್ತ ನೋಡದೆ ಕೇಳಿದಳು: “ನಿಂಗೆ ಯಾವಾಗ ಗೊತ್ತಾಯ್ತು ಅಪ್ಪ?”

“ನಿನ್ನೆ ಮಧ್ಯಾಹ್ನ.”

“ನಿನ್ನೆ ಸಂಜೆ ನಾನು ಬುಟ್ಟಿಗೆ ಟವೆಲ್ ಹಾಸ್ತಿದ್ದಾಗ ಗೊತ್ತಿತ್ತಾ?”

ನಿನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಈ ಮನೆಯಲ್ಲಿ ನಾವೆಲ್ಲರೂ ಅವಳ ಒಳ್ಳೆಯದಕ್ಕೆಂದೇ ಒಂದೊಂದು ಮಾತು ಮುಚ್ಚಿಟ್ಟಿದ್ದೆವು.

“ಗೊತ್ತಿತ್ತು” ಎಂದೆ.

ಅವಳು ತಲೆಯಾಡಿಸಿದಳು. ಹಕ್ಕಿಯನ್ನು ಹಿಡಿದುಕೊಳ್ಳುತ್ತೇನೆಂದು ನಾನು ಕೈ ಚಾಚಿದರೆ ಅವಳು ಮೆಲ್ಲಗೆ ಅತ್ತ ತಿರುಗಿ ಕೂತಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆ ಹುಡುಗಿಯ ಮನೆ ಎಲ್ಲಿ ಎಂದು ಕೇಳಿದಳು. ಅವಳು ಚೆನ್ನಾಗಿಯೇ ನೋಡಿಕೊಂಡಿದ್ದಳು ಎಂದು ಹೇಳಿಬರಬೇಕಂತೆ. ನಾನೂ ಜೊತೆಗೆ ಬರುತ್ತೇನೆ ಎಂದೆ.

“ಬೇಡ. ನೀನು ಅಲ್ಲಿ ಏನೋ ಒಂದು ಹೇಳ್ಬಿಡ್ತೀಯ.”

ನಾನು ವಿಳಾಸ ಹೇಳಿದೆ. ಬೀದಿ, ಕಟ್ಟಡ, ಮಹಡಿ, ಎದುರಿನ ಬಾಗಿಲು. ಅವಳು ಕೇಳಿಸಿಕೊಂಡು, ಇನ್ನೊಂದು ಸಲ ಹೇಳು ಎಂದಳು. ಮರೆತುಬಿಟ್ಟಳೇನೋ ಎಂದುಕೊಂಡು ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ. ಅವಳು ಬೀದಿ, ಕಟ್ಟಡ, ಮಹಡಿ ಎಂದು ಒಂದೊಂದನ್ನೂ ಬೆರಳು ಮಡಚಿ ಹೋಲಿಸಿ ನೋಡುತ್ತಿದ್ದಳು, ಅಪ್ಪ ಎರಡು ಸಲವೂ ಒಂದೇ ವಿಳಾಸ ಹೇಳುತ್ತಾನೋ ಇಲ್ಲವೋ ಎಂದು.